ಚೆಂಬುಗಳು ಮೇಲೆ ಬಂದ ದಿನ

ಮೊದಲ ಪೆಟ್ಟು ಬಿದ್ದದ್ದು ಜೆಸಿಬಿಯ ಗಾಜಿಗೆ. ಸಿಪ್ಪೆ ಸುಲಿಯದ ತೆಂಗಿನಕಾಯಿ, ದಂಡೆಯ ಮೇಲಿನ ಅಂಗಳದಿಂದ ಗುರಿಯಿಟ್ಟು ಎಸೆದದ್ದು. ಗಾಜು ಪುಡಿಯಾಗಿ ಒಳಗಿದ್ದ ಡ್ರೈವರನ ಹುಬ್ಬು ಸೀಳಿತು. ಅವನು ರಕ್ತ ಒರೆಸಿಕೊಂಡು ಮೇಲೆ ನೋಡುವುದರೊಳಗೆ ಇನ್ನೊಂದು ಬಂತು. ಅದು ಯಂತ್ರದ ಕಬ್ಬಿಣದ ಕೈಗೆ ತಾಗಿ ಸಿಡಿದು ಕೆಸರಿಗೆ ಬಿತ್ತು. ಮತ್ತೊಂದನ್ನು ಎತ್ತಿ ಹಿಡಿದು ನಿಂತವರು ಯಾರೆಂದು ಆಗ ನಮಗೆ ಕಂಡಿತು. ಎಪ್ಪತ್ತರ ಹತ್ತಿರದ ಮನುಷ್ಯ, ಇಸ್ತ್ರಿ ಹಾಕಿದ ಬಿಳಿ ಮುಂಡು, ಹಂಪನಕಟ್ಟೆಯಲ್ಲಿ ಹೋಟೆಲು ಇರುವವರು. ನಾವು ಅವರನ್ನು ಧಣಿ ಎಂದು ಕರೆಯುತ್ತೇವೆ. ನನ್ನ ಅಮ್ಮ ಅವರ ಗದ್ದೆಯಲ್ಲಿ ನೇಜಿ ನೆಟ್ಟವಳು. ಗದ್ದೆ ಹೋಗಿ ಫ್ಲಾಟು ಬಂದ ಮೇಲೂ ಆ ಹೆಸರು ಬಾಯಲ್ಲಿ ಉಳಿದಿದೆ.

“ನಿಲ್ಲಿಸು,” ಎಂದರು ಧಣಿ. ಕೂಗಲಿಲ್ಲ. ಹೋಟೆಲಿನಲ್ಲಿ ಫ್ಯಾನ್ ನಿಲ್ಲಿಸು ಎನ್ನುವ ಹಾಗೆ ಹೇಳಿದರು. ಅವರ ಇನ್ನೊಂದು ಕೈಯಲ್ಲಿ ಕತ್ತಿ ಇತ್ತು, ತೆಂಗಿನ ಗರಿ ಕಡಿಯುವ ಕತ್ತಿ.

ಡ್ರೈವರ್ ಬಾಗಲಕೋಟೆ ಕಡೆಯವನು. ಸೀಟಿನ ಕೆಳಗಿನಿಂದ ಉದ್ದದ ಸ್ಪ್ಯಾನರ್ ಎಳೆದುಕೊಂಡು ಕೆಸರಿಗೆ ಹಾರಿದ. “ಯಕ್ಕಾ, ನೀ ಅಡ್ಡ ಬರಬ್ಯಾಡ,” ಎಂದ ನನಗೆ. ನಾನು ಅಡ್ಡ ಬಂದೆ.

ಯಾಕೆ ಬಂದೆ ಎಂದು ಹೇಳಬೇಕಾದರೆ ಹಿಂದಿನ ಮಳೆಗಾಲಕ್ಕೆ ಹೋಗಬೇಕು.

ನನ್ನದು ಹಳೆ ಮನೆ ಒಡೆದು ಮಾರುವ ವ್ಯಾಪಾರ. ಮಣ್ಣಗುಡ್ಡದಲ್ಲೋ ಬಲ್ಮಠದಲ್ಲೋ ಯಾರಾದರೂ ಅಜ್ಜನ ಮನೆ ಕೆಡವಿ ಫ್ಲಾಟು ಕಟ್ಟುತ್ತಾರೆಂದರೆ ಅದರ ಹಂಚು, ಹಂಚಿನಡಿಯ ಮರದ ಪಕ್ಕಾಸು, ಬಾಗಿಲು, ತಾಮ್ರ, ಹಿತ್ತಾಳೆ ನಾನು ತೆಗೆದುಕೊಳ್ಳುತ್ತೇನೆ. ಹಂಚು ಹೊರುವ ಕೆಲಸಕ್ಕೆ ಹೋದವಳು ಒಂದು ದಿನ ಹಂಚನ್ನೇ ಕೊಂಡೆ, ಅಷ್ಟೇ ನನ್ನ ಕಥೆ. ನನ್ನ ಯಾರ್ಡು ಇರುವುದು ಹೊಳೆಯ ಬದಿಯಲ್ಲಿ. ಗುರುಪುರ ಹೊಳೆ ಸಮುದ್ರ ಸೇರುವ ಮೊದಲು ಊರಿನೊಳಗೆ ಚಾಚಿದ ಒಂದು ಕೈ ಅದು. ನಾವು ಸಣ್ಣವರಿರುವಾಗ ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ತನಕ ನೀರಿಗಿಳಿದು ಮರ್ವಾಯಿ ಹೆಕ್ಕುತ್ತಿದ್ದರು, ಚಿಪ್ಪು ರಾಶಿ ಬೀಳುತ್ತಿತ್ತು. ಆಮೇಲೆ ಕಟ್ಟಡದ ಮಣ್ಣು ಬಿತ್ತು, ಚರಂಡಿ ಬಂತು, ಕೋಳಿ ಅಂಗಡಿಯ ಕರುಳು ಬಂತು. ಜೊಂಡು ಬೆಳೆದು ನೀರೇ ಕಾಣದೆ ಹೋಯಿತು. ಹೊಳೆಯನ್ನು ತೋಡು ಎಂದು ಕರೆಯಲು ಸುರು ಮಾಡಿದೆವು. ಹೆಸರು ಸಣ್ಣದು ಮಾಡಿದರೆ ಗಲೀಜು ಹಾಕುವುದು ಸುಲಭ.

ನನ್ನ ತಂಗಿಯ ಮನೆ ಯಾರ್ಡಿಗಿಂತಲೂ ಕೆಳಗೆ, ಹೊಳೆಗೆ ತಾಗಿ. ಹೋದ ಮಳೆಗೆ ಒಂದು ಬೆಳಿಗ್ಗೆ ನೀರು ಒಳಗೆ ಬಂದು ಮಂಚದ ಮಟ್ಟಕ್ಕೆ ನಿಂತಿತು. ಮಳೆಯ ನೀರಲ್ಲ ಅದು, ಹೊರಗೆ ಹೋಗಲು ದಾರಿ ಇಲ್ಲದೆ ಹಿಂದೆ ತಿರುಗಿದ ಹೊಳೆಯ ನೀರು, ಕಪ್ಪು, ಮೇಲೆ ಎಣ್ಣೆ. ಭಾವ ಫ್ರಿಜ್ಜು ಎತ್ತಿ ಮೇಜಿನ ಮೇಲೆ ಇಡಲು ಹೋದ. ಕರೆಂಟು ಇತ್ತು. ತಂಗಿ ಅಡಿಗೆ ಕೋಣೆಯ ಕಟ್ಟೆಯ ಮೇಲೆ ಮಗಳನ್ನು ಅವುಚಿಕೊಂಡು ನಿಂತವಳು, ಅವನು ಫ್ರಿಜ್ಜನ್ನು ತಬ್ಬಿಕೊಂಡು ನಡುಗುವುದನ್ನು ನೋಡಿದಳು. ಇಳಿಯುವ ಹಾಗಿಲ್ಲ, ಇಳಿದರೆ ಅವಳೂ ಹೋಗುತ್ತಾಳೆ. ಯಾರೋ ಮೇನ್ ಆಫ್ ಮಾಡುವ ತನಕ ಅವಳು ನೋಡುತ್ತಲೇ ನಿಂತಳು.

ನನ್ನ ಮನೆಗೆ ಬಾ ಎಂದರೆ ಬರಲಿಲ್ಲ. “ಅವರು ಕಟ್ಟಿದ ಮನೆ ಬಿಟ್ಟು ನಾನು ಎಲ್ಲಿಗೂ ಬರುವುದಿಲ್ಲ ಅಕ್ಕ. ನೀರನ್ನು ಹೋಗಲಿಕ್ಕೆ ಹೇಳು,” ಎಂದಳು. ಅತ್ತವಳಲ್ಲ ಅವಳು, ಒಂದು ಹನಿಯೂ ಇಲ್ಲ. ಮುಂದಿನ ಮಳೆ ಬರುವ ಮೊದಲು ಹೊಳೆಯ ಬಾಯಿ ಬಿಡಿಸಬೇಕು, ಇಲ್ಲದಿದ್ದರೆ ಈ ಮನೆಯಿಂದ ಇನ್ನೂ ಹೆಣ ಎತ್ತಬೇಕು ಎಂದು ನನಗೆ ಗೊತ್ತಾದದ್ದು ಹೀಗೆ.

ಇಂಥ ಕೆಲಸಕ್ಕೆ ಇಳಿಯುವವರಿಗೆ ನಾನೊಂದು ಮಾತು ಹೇಳ್ತೇನೆ. ಹೊಳೆ ಉಳಿಸಿ ಎಂದು ಬೋರ್ಡು ಹಿಡಿದರೆ ಫೋಟೋಕ್ಕೆ ಬರುವವರು ಬರ್ತಾರೆ, ಟೀ ಕುಡಿದು ಹೋಗ್ತಾರೆ. ಅದರ ಬದಲು ಪ್ರತಿ ಮನೆಗೆ ಹೋಗಿ, ನಿಮ್ಮ ಬಾವಿಯ ನೀರು ಒಂದು ಲೋಟ ಕೊಡಿ, ಕುಡೀತೇನೆ ಎನ್ನಿ. ಕೊಡುವವರು ಕೈ ಹಿಂದೆ ತೆಗೀತಾರೆ. ಆಗ ಮಾತು ಸುರು ಮಾಡಿ. ನಾನು ಹಾಗೇ ಮಾಡಿದೆ. ಮನೆಗೊಬ್ಬರಂತೆ ಆದಿತ್ಯವಾರ ಆಳು ಕೊಡಬೇಕು ಎಂದೆ. ಕೊಡದಿದ್ದವರ ಮನೆಯೆದುರು ಹೊಳೆಯಿಂದ ತೆಗೆದ ಕಸ ಒಣಗಲು ಹಾಕಿಸಿದೆ. ಮುಂದಿನ ವಾರ ಆಳು ಬಂತು. ಕೋಳಿ ಕರುಳು ಸುರಿಯಲು ಬಂದ ಟೆಂಪೋದವನ ಕೆನ್ನೆಗೆ ಬಾರಿಸಿದೆ, ಅವನು ನನ್ನ ಜುಟ್ಟು ಹಿಡಿದ. ದಂಡೆಯ ಮನೆಯವರ ಸೊಸೈಟಿಯ ಕಾರ್ಯದರ್ಶಿ, ಬ್ಯಾಂಕಿನಿಂದ ರಿಟಾಯರಾದ ಮೆದು ಮನುಷ್ಯ, ಹಾರೆಯ ಹಿಡಿಯಿಂದ ಟೆಂಪೋದ ದೀಪಗಳನ್ನು ಒಂದೊಂದಾಗಿ ಒಡೆದರು. ಆಮೇಲೆ ಅವರೇ ಕೂತು ಗಾಜಿನ ಚೂರು ಹೆಕ್ಕಿದರು. ಅದರ ನಂತರ ಟೆಂಪೋ ಬರಲಿಲ್ಲ.

ಜೊಂಡು ಕಿತ್ತೆವು. ಹಾಸಿಗೆ, ಕಮೋಡು, ಸತ್ತ ನಾಯಿ, ಒಡೆದ ಬಾಟ್ಲಿ. ಬಾಟ್ಲಿ ತಾಗದ ಪಾದ ಯಾರದ್ದೂ ಉಳಿಯಲಿಲ್ಲ. ನೀರು ಕಂಡಿತು. ದಂಡೆಯಲ್ಲಿ ನಡೆಯುವ ದಾರಿ, ಕೂರಲು ಕಲ್ಲುಬೆಂಚು, ದೋಣಿ ಕಟ್ಟಲು ಜಾಗ, ಎಲ್ಲಕ್ಕೂ ಹಗ್ಗ ಹಿಡಿದು ಗುರುತು ಹಾಕಿದೆವು. ಯಂತ್ರಕ್ಕೆ ಅನುಮತಿಯೂ ಸಿಕ್ಕಿತು. ಉಳಿದದ್ದು ಒಂದೇ, ಧಣಿಯ ಮನೆಯ ಕೆಳಗಿನ ತಿರುವಿನ ಗುಂಡಿ. ಅಲ್ಲಿ ಹೂಳು ದಿಣ್ಣೆಯಾಗಿ ಕುಳಿತು ಹೊಳೆಯ ಕುತ್ತಿಗೆ ಹಿಸುಕಿತ್ತು. ಅದನ್ನು ತೆಗೆಯದೆ ಬಾಕಿ ಮಾಡಿದ್ದೆಲ್ಲ ದಂಡ.

ಆ ಗುಂಡಿ ತೆಗೆಯುವ ದಿನ ಯಾವ ಮನೆಯಿಂದಲೂ ಆಳು ಬರಲಿಲ್ಲ. ಒಬ್ಬರಿಗೆ ಜ್ವರ, ಒಬ್ಬರಿಗೆ ಮದುವೆ. ನಾನು ಕಾರ್ಯದರ್ಶಿಯವರನ್ನು ಹಿಡಿದು ಕೇಳಿದೆ.

“ಎಂತ ಉಂಟು ಅಲ್ಲಿ?”

“ನಿನಗೆ ಗೊತ್ತಿಲ್ವಾ ಮಾರಾಯ್ತಿ?”

“ಗೊತ್ತಿದ್ರೆ ಕೇಳ್ತೇನಾ?”

ಅವರು ಆಚೆ ಈಚೆ ನೋಡಿ ಹೇಳಿದರು. ನಮ್ಮ ಕಡೆ ಒಂದು ಕ್ರಮ ಉಂಟು. ಮನೆಯಲ್ಲಿ ಯಾರಾದರೂ ಕೆಟ್ಟ ಸಾವು ಸತ್ತು ಅವರ ಕುಲೆ, ಎಂದರೆ ಪ್ರೇತ, ಮನೆ ಬಿಡದೆ ಕಾಡಿದರೆ ಮಂತ್ರವಾದಿಯನ್ನು ಕರೆಸುತ್ತಾರೆ. ಅವನು ಕುಲೆಯನ್ನು ತಾಮ್ರದ ಚೆಂಬಿಗೆ ಇಳಿಸಿ, ಬಾಯಿಗೆ ಮೇಣ ಹಾಕಿ, ಕೆಂಪು ಬಟ್ಟೆ ಸುತ್ತಿ, ತಂತಿ ಬಿಗಿದು ಕೊಡುತ್ತಾನೆ. ಮನೆಯವರು ಅದನ್ನು ಹರಿಯುವ ನೀರಿಗೆ ಬಿಟ್ಟು ಹಿಂದೆ ತಿರುಗಿ ನೋಡದೆ ಬರಬೇಕು. ನೀರು ಅದನ್ನು ಸಮುದ್ರಕ್ಕೆ ಒಯ್ಯುತ್ತದೆ. ಈ ದಂಡೆಯ ಎಲ್ಲ ಮನೆಯವರೂ ತಮ್ಮ ತಮ್ಮ ಚೆಂಬನ್ನು ಬಿಟ್ಟದ್ದು ಅದೇ ತಿರುವಿನಲ್ಲಿ. ಮೆಟ್ಟಿಲು ಇದ್ದದ್ದು ಅಲ್ಲಿ ಮಾತ್ರ. ಹೆದರಿಕೊಂಡು ಬಂದವರು ಹತ್ತಿರದಲ್ಲೇ ಬಿಟ್ಟು ಓಡಿದರು. ಹೊಳೆಯಲ್ಲಿ ನೀರು ಹರಿಯದೆ ಸುಮ್ಮನೆ ತಿರುಗುವ ಜಾಗ ಇದ್ದರೆ ಅದೊಂದೇ. ಯಾರೂ ತಿರುಗಿ ನೋಡಲಿಲ್ಲವಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಸಮುದ್ರಕ್ಕೆ ಕಳಿಸಿದೆವು ಎಂದುಕೊಂಡದ್ದು ನಮ್ಮ ದಂಡೆಯ ಬುಡದಲ್ಲೇ ಕೂತಿತ್ತು. ಜೊಂಡು ಕೀಳುವಾಗ ಒಬ್ಬನ ಕಾಲಿಗೆ ತಂತಿ ಸಿಕ್ಕಿದ ಮೇಲೆಯೇ ಅದು ಗುಟ್ಟಾಗಿ ಮನೆಮನೆಗೆ ಹಬ್ಬಿದ್ದು.

“ನಿಮ್ಮದೂ ಉಂಟಾ?” ಕೇಳಿದೆ.

“ನನ್ನ ಚಿಕ್ಕಮ್ಮ,” ಎಂದರು ಕಾರ್ಯದರ್ಶಿ.

ಆದರೂ ನಾನು ಯಂತ್ರ ಇಳಿಸಿದೆ. ಮೋಡ ಕಟ್ಟಲು ಸುರುವಾಗಿತ್ತು, ಕಾಯಲಿಕ್ಕೆ ದಿನ ಇರಲಿಲ್ಲ. ಜೆಸಿಬಿ ಹಲ್ಲು ಹಾಕಿ ಮೊದಲ ಬುಟ್ಟಿ ಎತ್ತಿತು. ಕಪ್ಪು ಕೆಸರು ಸೋರಿತು, ನಡುವೆ ಕೆಂಪು ಬಟ್ಟೆಯ ಚೂರು, ಹಸಿರುಗಟ್ಟಿದ ಒಂದು ಚೆಂಬು. ಆಗಲೇ ತೆಂಗಿನಕಾಯಿ ಬಂದದ್ದು.

ಡ್ರೈವರ್ ಸ್ಪ್ಯಾನರ್ ಹಿಡಿದು ಮೆಟ್ಟಿಲ ಕಡೆಗೆ ಹೋದ. ಧಣಿ ಕೆಳಗಿಳಿದರು. ಅವರ ಹಿಂದೆ ಹೋಟೆಲಿನ ಇಬ್ಬರು ಆಳುಗಳು, ಅವರ ಹಿಂದೆ ಜ್ವರ ಇದ್ದವರು, ಮದುವೆಗೆ ಹೋಗಿದ್ದವರು, ಎಲ್ಲರೂ ಬೇಲಿ ಸಂದಿನಿಂದ ಬಂದರು. ಒಬ್ಬ ಆಳು ಡ್ರೈವರನ ಹೊಟ್ಟೆಗೆ ಒದ್ದ. ಡ್ರೈವರ್ ಸ್ಪ್ಯಾನರ್ ಬೀಸಿದ. ಆಳಿನ ಮೊಣಕೈ ಮುರಿದ ಶಬ್ದ ನನಗೆ ಕೇಳಿಸಿತು, ಒಣ ಪಕ್ಕಾಸು ಮುರಿದ ಹಾಗೆ. ಮತ್ತೆ ಯಾರು ಯಾರಿಗೆ ಹೊಡೆದರೆಂದು ಹೇಳಲು ಆಗುವುದಿಲ್ಲ. ಕೆಸರಿನಲ್ಲಿ ಬಿದ್ದವನ ಮೇಲೆ ನಾಲ್ಕು ಕಾಲುಗಳು, ಬಾಯಿಗೆ ಮಣ್ಣು, ಹಲ್ಲಿಗೆ ರಕ್ತ. ಡ್ರೈವರನ ತಲೆಯನ್ನು ನೀರಿಗೆ ಒತ್ತಿ ಹಿಡಿದಿದ್ದರು. ನಾನು ಒತ್ತಿದವನ ಕಿವಿ ಕಚ್ಚಿದೆ. ಅವನು ಬಿಟ್ಟ.

ಕತ್ತಿ ಹಿಡಿದವನ ಎದುರು ನಿಲ್ಲಬೇಕಾಗಿ ಬಂದರೆ ಕತ್ತಿ ನೋಡಬೇಡಿ, ಪಾದ ನೋಡಿ. ಹೊಡೆಯುವವನ ಪಾದ ಮೊದಲು ಗಟ್ಟಿಯಾಗಿ ಊರುತ್ತದೆ. ಧಣಿಯ ಪಾದ ಊರಿತ್ತು. ಡ್ರೈವರ್ ಕೆಮ್ಮುತ್ತಾ ಏಳುವುದನ್ನು ನೋಡಿ ಅವರು ಕೈ ಎತ್ತಿದರು. ನಾನು ಕೈ ಅಡ್ಡ ಕೊಟ್ಟೆ. ಬೀಸು ಪೂರ್ತಿ ಬರಲಿಲ್ಲ, ಬಂದಿದ್ದರೆ ಇದನ್ನು ಬಲಗೈಯಲ್ಲಿ ಬರೆಯುತ್ತಿರಲಿಲ್ಲ. ಮುಂಗೈಯ ಚರ್ಮ ತೆರೆದು ಒಳಗಿನ ಬಿಳಿ ಕಂಡಿತು. ರಕ್ತ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಹೆಂಗಸಿನ ರಕ್ತ ಕಂಡು ಎಲ್ಲರೂ ಒಂದು ಕ್ಷಣ ನಿಂತರು. ವ್ಯಾಪಾರ ಮಾಡಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಸೆರಗು ಸುತ್ತಿಕೊಂಡೆ.

“ಧಣಿಗಳೇ, ಕಡಿದಾಯ್ತಲ್ಲ. ಇನ್ನು ಮಾತಾಡುವ. ನಿಮಗೆ ಎಂತ ಬೇಕು?”

“ಅವನು ಮೇಲೆ ಬರಬಾರದು,” ಎಂದರು.

ಅವನು ಯಾರೆಂದು ಊರಿಗೆಲ್ಲ ಗೊತ್ತು. ಧಣಿಯ ತಮ್ಮ. ಪಾಲಿನ ಜಗಳದಲ್ಲಿ ಅಣ್ಣನ ಭುಜಕ್ಕೆ ಕಡಿದವನು. ಧಣಿಯೂ ಸುಮ್ಮನಿರಲಿಲ್ಲ, ಆಳುಗಳನ್ನು ಕರೆಸಿ ಅವನನ್ನು ಅಂಗಳದ ತುಂಬ ಅಟ್ಟಿಸಿಕೊಂಡು ಹೊಡೆಸಿದರು. ಅವನು ಓಡಿ ಮನೆಯ ಬಾವಿಗೆ ಹಾರಿದ. ಹಗ್ಗ ಬಿಡುವಷ್ಟರಲ್ಲಿ ಮುಗಿದಿತ್ತು. ಆಮೇಲೆ ಮನೆಯಲ್ಲಿ ರಾತ್ರಿ ಪಾತ್ರೆ ಬೀಳುವುದು, ಕರು ಸಾಯುವುದು, ಧಣಿಯ ಹೆಂಡತಿಗೆ ಮೈಮೇಲೆ ಹಲ್ಲಿನ ಗುರುತು. ಕಟ್ಟಿಸಿ ತಿರುವಿಗೆ ಬಿಟ್ಟ ಮೇಲೆ ಎಲ್ಲ ನಿಂತಿತಂತೆ.

“ಹೊರಗಿನ ಗಾಳಿ ತಾಗಿದರೆ ಎದ್ದು ಬರ್ತಾನೆ. ಸೀದ ನನ್ನ ಮನೆಗೆ ಬರ್ತಾನೆ. ನೀನು ತಡೀತೀಯಾ?” ಎಂದರು.

“ನನ್ನ ಭಾವ ಸತ್ತದ್ದು ಗೊತ್ತುಂಟಲ್ಲ ನಿಮಗೆ?”

“ಅದು ಕರೆಂಟು.”

“ಕರೆಂಟಲ್ಲ, ನೀರು. ನಿಮ್ಮ ತಮ್ಮ ಕೂತದ್ದು ಹೊಳೆಯ ಕುತ್ತಿಗೆಯಲ್ಲಿ. ಅವನು ಅಲ್ಲೇ ಕೂತರೆ ಈ ಮಳೆಗೆ ನನ್ನ ತಂಗಿ ಹೋಗ್ತಾಳೆ. ಅವಳನ್ನು ಕಟ್ಟಲಿಕ್ಕೂ ಒಂದು ಚೆಂಬು ತಂದಿಡಿ.”

ಡ್ರೈವರ್ ಹುಬ್ಬು ಒತ್ತಿ ಹಿಡಿದು, “ನಾ ಮಣ್ಣು ತೆಗ್ಯಾಕ ಬಂದೀನಿ ಯಕ್ಕಾ, ದೆವ್ವ ಎತ್ತಾಕಲ್ಲ. ಮೊದಲ ಹೇಳಬೇಕಿತ್ತು,” ಎಂದ. ಅವನ ಮಾತು ನ್ಯಾಯ.

ಚೌಕಾಸಿಯಲ್ಲಿ ಎದುರಿನವನ ನಂಬಿಕೆ ಸುಳ್ಳು ಎಂದು ಹೇಳಲು ಹೋಗಬೇಡಿ. ಅಲ್ಲಿಗೆ ಬಾಗಿಲು ಮುಚ್ಚಿತು. ಅವನ ನಂಬಿಕೆಯ ಒಳಗೇ ನಿಂತು ನಿಮಗೆ ಬೇಕಾದ್ದನ್ನು ಹುಡುಕಿ. ನಾನು ಕೇಳಿದೆ, “ಗಾಳಿ ತಾಗಬಾರದು, ಅಷ್ಟೇ ಅಲ್ವಾ? ನೀರಿನಲ್ಲೇ ಇದ್ದರೆ ಆಗ್ತದಾ?”

ಧಣಿ ಕತ್ತಿ ಕೆಳಗಿಳಿಸಿ ನೀರಿನ ಕಡೆ ನೋಡಿದರು. ಇಲ್ಲ ಎನ್ನಲಿಲ್ಲ ಎಂಬುದನ್ನು ನಾನು ಹಿಡಿದುಕೊಂಡೆ.

ದೋಣಿಯೊಂದನ್ನು ತರಿಸಿ ಅರ್ಧಕ್ಕೆ ಹೊಳೆಯ ನೀರು ತುಂಬಿಸಿದೆವು. ಮೊದಲು ಮೇಲೆ ಬಂದಿದ್ದ ಚೆಂಬು, ಕಂಠದಲ್ಲಿ ಕೊರೆದ ಗುರುತು ನೋಡಿದರೆ, ಪಕ್ಕದ ಕಾಂಪೌಂಡಿನವರದ್ದಾಗಿತ್ತು, ಅವರೇ ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ದೋಣಿಯ ನೀರಿನಲ್ಲಿ ಮುಳುಗಿಸಿದರು. ಇನ್ನು ಯಂತ್ರ ಬೇಡ. ಮೊದಲು ಮನೆಗೊಬ್ಬರು ಕುತ್ತಿಗೆ ಮಟ್ಟದ ನೀರಿನಲ್ಲಿ ಇಳಿದು ಕಾಲಿನಲ್ಲಿ ತಡಕಿ ಚೆಂಬು ಹುಡುಕುವುದು, ನೀರಿನೊಳಗೇ ಗೋಣಿ ಸುತ್ತುವುದು, ದೋಣಿಯ ನೀರಿಗೆ ಇಳಿಸುವುದು, ಎಲ್ಲ ಮುಗಿದ ಮೇಲೆ ದೋಣಿಯನ್ನು ಹೊಳೆ ಸಮುದ್ರ ಸೇರುವ ಅಳಿವೆ ಬಾಗಿಲಿನಿಂದಾಚೆಗೆ ಒಯ್ದು ಸಮುದ್ರಕ್ಕೇ ಬಿಡುವುದು. ಗುಂಡಿ ಖಾಲಿಯಾದ ಮೇಲೆ ಯಂತ್ರ. ಇದು ನನ್ನ ರಾಜಿ. ಮಂತ್ರವಾದಿ ಹಾಕಿಕೊಟ್ಟ ಕ್ರಮಕ್ಕೂ ಭಂಗವಿಲ್ಲ, ಅವನು ಹೇಳಿದ ಸಮುದ್ರವೂ ಸಿಕ್ಕಿತು.

ಇಳಿದವರು ಹೆದರಿಕೆಯಲ್ಲಿ ಒಬ್ಬರನ್ನೊಬ್ಬರು ಹರಿದು ತಿನ್ನುವ ಹಾಗಿದ್ದರು. ಎರಡು ಚೆಂಬು ಒಂದೇ ತಂತಿಗೆ ಸಿಕ್ಕಿಕೊಂಡಿತ್ತೆಂದು ಎರಡು ಮನೆಯವರು ನೀರಿನಲ್ಲೇ ಗುದ್ದಾಡಿದರು. “ನಿಮ್ಮ ಅಜ್ಜಿ ನಮ್ಮವನನ್ನು ಹಿಡ್ಕೊಂಡಿದ್ದಾಳೆ, ಬಿಡ್ಲಿಕ್ಕೆ ಹೇಳು.” “ಬದುಕಿರುವಾಗ್ಲೂ ಹಿಡ್ಕೊಂಡದ್ದು ನಿಮ್ಮವನೇ ಅಲ್ವಾ ಮಾರಾಯ.” ದಂಡೆಯಲ್ಲಿ ಯಾರೋ ನಕ್ಕರು. ನಕ್ಕವನಿಗೆ ಕಲ್ಲು ಬಿತ್ತು. ಕಾರ್ಯದರ್ಶಿ ತಮ್ಮ ಚಿಕ್ಕಮ್ಮನನ್ನು ಎದೆಗವುಚಿ ದೋಣಿಗೆ ತರುವಾಗ ಕಣ್ಣು ಮುಚ್ಚಿಕೊಂಡು ಎಡವಿ ಮೂಗು ಒಡೆದುಕೊಂಡರು.

ಧಣಿಯ ಚೆಂಬು ಕಡೆಗೆ ಸಿಕ್ಕಿತು. ಅವರೇ ಇಳಿದರು. ಬಿಳಿ ಮುಂಡು ನೀರಿನ ಮೇಲೆ ತೇಲಿತು. ತಂತಿಯ ಗಂಟು ಕೈಗೆ ಸಿಕ್ಕಿದ ಕೂಡಲೇ ಅವರ ಮುಖದಿಂದ ಗೊತ್ತಾಯಿತು, ಮಂತ್ರವಾದಿ ಬಿಗಿದದ್ದು ಸಾಲದೆಂದು ಆ ಗಂಟು ಅವರೇ ಹಾಕಿದ್ದು. ಗೋಣಿ ಸುತ್ತಲು ಮರೆತರು. ಎತ್ತಿಬಿಟ್ಟರು. ಚೆಂಬಿನ ಬುಡದಿಂದ ಕೆಸರು ಸೋರಿತು. ಬುಡವೇ ಇರಲಿಲ್ಲ.

“ಜೆಸಿಬಿಯ ಹಲ್ಲು ತಾಗಿದ್ದು,” ಎಂದ ಹೋಟೆಲಿನ ಆಳು. ಅಷ್ಟು ಸಾಕಾಯಿತು. ಹತ್ತು ಮುಖ ಡ್ರೈವರನ ಕಡೆ ತಿರುಗಿತು. ಅವನು ಸ್ಪ್ಯಾನರ್ ಹುಡುಕಿದ. ಈ ಸಲ ಅವನನ್ನು ಜೀವಸಹಿತ ಬಿಡುವುದಿಲ್ಲ ಎಂದು ನನಗೆ ಕಂಡಿತು.

ನಾನು ನೀರಿಗೆ ಹಾರಿ ಚೆಂಬನ್ನು ಧಣಿಯ ಕೈಯಿಂದ ಕಸಿದೆ. ಹಳೆ ತಾಮ್ರ ನನ್ನ ಅನ್ನ. “ನೋಡಿ ಇಲ್ಲಿ. ಈಗ ಒಡೆದ ತಾಮ್ರ ಕೆಂಪು ಹೊಳೀತದೆ. ಇದರ ಅಂಚು ಹಸಿರು, ಮುಟ್ಟಿದರೆ ಪುಡಿ. ಇದು ತಿಂದು ತೂತಾಗಿ ಎಷ್ಟೋ ವರ್ಷ ಆಗಿದೆ. ಯಂತ್ರದ್ದಲ್ಲ. ಆ ಪಾಪದವನನ್ನು ಬಿಡಿ.”

ಎಲ್ಲರೂ ಧಣಿಯನ್ನು ನೋಡಿದರು. ಅವರು ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರು. ಹಸಿರು ಪುಡಿ ಅಂಟಿತು.

“ಹಾಗಾದರೆ ಇಷ್ಟು ವರ್ಷ ಇದು ತೆರೆದೇ ಇತ್ತಾ?”

“ತೆರೆದೇ ಇತ್ತು.”

“ಮನೆಯಲ್ಲಿ ಎಂತದೂ ಆಗಲಿಲ್ಲ,” ಎಂದರು. ಹೆಬ್ಬೆರಳಿನ ಹಸಿರು ನೋಡುತ್ತಾ, “ಅವನು ಬರಬಹುದಿತ್ತು. ಬರಲಿಲ್ಲ,” ಎಂದರು.

ಇಷ್ಟು ಹೇಳಿ ನನ್ನ ಕೈಯಿಂದ ಚೆಂಬು ಕಿತ್ತು ಮೆಟ್ಟಿಲ ಕಲ್ಲಿನ ಮೇಲಿಟ್ಟು ಕತ್ತಿಯಿಂದ ಕಡಿಯಲು ಸುರು ಮಾಡಿದರು. ಹೆದರಿದವರು ಕಡಿಯುವ ಹಾಗಲ್ಲ, ಯಾಕೆ ಬರಲಿಲ್ಲ ಎಂದು ಹೊಡೆದು ಕೇಳುವವರ ಹಾಗೆ. ಕಿಡಿ ಹಾರಿತು. ತಾಮ್ರ ಚಪ್ಪಟೆಯಾಯಿತು, ಹರಿಯಿತು, ಚೂರು ಅವರದೇ ಮೊಣಕಾಲಿಗೆ ನೆಟ್ಟಿತು. ಕತ್ತಿಯ ಬಾಯಿ ಮುರಿದರೂ ಹಿಡಿಯಿಂದ ಗುದ್ದಿದರು. ಹತ್ತಿರ ಹೋದ ಆಳಿಗೆ ಮೊಣಕೈಯಿಂದ ತಿವಿದರು. ಯಾರೂ ಹಿಡಿಯಲಿಲ್ಲ. ಭುಜದ ಹಳೆ ಗಾಯದ ಗೆರೆ ಕೆಂಪಾಗಿ ಎದ್ದಿತ್ತು.

ಅಷ್ಟರಲ್ಲಿ ನನ್ನ ತಂಗಿ ಬಂದಳು. ಗಲಾಟೆಯ ಶಬ್ದಕ್ಕೆ ಬಂದವಳು, ಎಲ್ಲವನ್ನೂ ದಂಡೆಯಲ್ಲಿ ನಿಂತು ನೋಡಿದ್ದಳು. ಧಣಿಯ ಎದುರು ಬಂದು ನಿಂತು, “ಮುಗೀತಾ? ಇನ್ನು ತೆಗೀಲಿಕ್ಕೆ ಬಿಡ್ತೀರಾ?” ಎಂದಳು. ಅವಳ ಸ್ವರದಲ್ಲಿ ಕರುಣೆ ಇರಲಿಲ್ಲ. ಇರಬೇಕು ಎಂದೂ ನನಗೆ ಅನ್ನಿಸಲಿಲ್ಲ.

ಧಣಿ ಡ್ರೈವರನ ಕಡೆ ಕೈ ಮಾಡಿದರು. “ತೆಗಿ,” ಎಂದರು. ಆಮೇಲೆ ತುಂಡುಗಳನ್ನು ಒಂದೊಂದಾಗಿ ಹೆಕ್ಕಿ ಮುಂಡಿನ ತುದಿಗೆ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಮನೆಯೊಳಗೆ ಹೋದರು. ದೋಣಿಗೆ ಹಾಕಲಿಲ್ಲ. ಸಮುದ್ರಕ್ಕೆ ಬೇಡವಾ ಎಂದು ಯಾರೂ ಕೇಳಲಿಲ್ಲ, ಉಳಿದ ಚೆಂಬುಗಳ ದೋಣಿ ಅಳಿವೆಯ ಕಡೆ ಹೊರಟಿತು.

ಒಡೆದ ಗಾಜಿನ ಜಾಗಕ್ಕೆ ಗೋಣಿ ಕಟ್ಟಿ ಡ್ರೈವರ್ ಯಂತ್ರ ಸುರು ಮಾಡಿದ. ತಲೆಗೆ ನನ್ನ ಟವೆಲು. ಆಮೇಲೆ ಅವನಿಗೂ ಮೊಣಕೈ ಮುರಿದ ಆಳಿಗೂ ಒಂದೇ ಆಟೋದಲ್ಲಿ ಆಸ್ಪತ್ರೆಗೆ ಹೋಗಿ ಬರಬೇಕಾಯಿತು, ದಾರಿಯುದ್ದಕ್ಕೂ ಬೈದಾಡಿಕೊಂಡರಂತೆ. ನನ್ನ ಮುಂಗೈಗೆ ಹೊಲಿಗೆ ಬಿತ್ತು. ಪೊಲೀಸಿಗೆ ಯಾರೂ ಹೋಗಲಿಲ್ಲ. ಹೋಗಿದ್ದರೆ ಯಂತ್ರ ನಿಲ್ಲುತ್ತಿತ್ತು ಎಂದು ನಾನೇ ಎಲ್ಲರ ಮನೆಗೆ ಹೋಗಿ ಹೇಳಿ ಬಂದಿದ್ದೆ. ಮೋಡ ಒಡೆಯುವ ಮೊದಲು ದಿಣ್ಣೆ ಕಡಿದಾಯಿತು. ನೀರು ಆ ತಿರುವಿನಲ್ಲಿ ಸುತ್ತುವುದನ್ನು ಬಿಟ್ಟು ಸೀದ ಹೋಗುವುದನ್ನು ನಾನು ಸೊಪ್ಪು ಎಸೆದು ನೋಡಿದೆ.

ಆ ವರ್ಷದ ಮೊದಲ ದೊಡ್ಡ ಮಳೆ ಬೆಳಿಗ್ಗೆಯೇ ಹಿಡಿಯಿತು. ಸಮುದ್ರ ಏರುವ ಭರತದ ಹೊತ್ತು ಬೇರೆ. ನಾನು ತಂಗಿಯ ಮನೆಗೆ ಓಡಿದೆ. ಮೇನ್ ಆಫ್ ಮಾಡಿದ್ದಳು. ಮಗಳನ್ನು ಅಡಿಗೆ ಕಟ್ಟೆಯ ಮೇಲೆ ಕೂರಿಸಿದ್ದಳು. ತಾನು ಹೊಸ್ತಿಲಲ್ಲಿ ನಿಂತಿದ್ದಳು, ಕೈಯಲ್ಲಿ ನೀರು ಗುಡಿಸಲು ತೆಂಗಿನ ಕಡ್ಡಿಯ ಹಿಡಿಸೂಡಿ. ಹೊಳೆ ಕಂದು ಬಣ್ಣಕ್ಕೆ ತಿರುಗಿ ಉಬ್ಬಿ ಬಂತು. ಕೆಳಗಿನ ಮೆಟ್ಟಿಲು ಮುಳುಗಿತು, ಅದರ ಮೇಲಿನದೂ ಮುಳುಗಿತು. ಹೊಸ್ತಿಲ ಕೆಳಗಿನ ಮೆಟ್ಟಿಲಿಗೆ ಬಂದು ನೀರು ಅಲ್ಲೇ ಕುದಿಯುವ ಹಾಗೆ ಏರಿಳಿಯಿತು. ತಿರುವಿನ ಕಡೆಯಿಂದ ನೀರು ಜಗ್ಗಿ ಎಳೆಯುವ ಶಬ್ದ ಕೇಳಿತು. ನಿಧಾನವಾಗಿ ಮೆಟ್ಟಿಲಿನ ಅಂಚು ಮತ್ತೆ ಕಾಣಿಸಿತು.

ತಂಗಿ ಆಗ ಇಳಿದಳು. ಮಳೆಯಲ್ಲಿ ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ಹಿಡಿಸೂಡಿ ಎತ್ತಿ ಹೊಳೆಗೆ ಹೊಡೆದಳು. ಮತ್ತೆ ಹೊಡೆದಳು. “ಬಾ, ಬಾ ಈಗ,” ಎನ್ನುತ್ತಾ ಹೊಡೆದಳು. ಕಡ್ಡಿಗಳು ಮುರಿದು ನೀರಿನಲ್ಲಿ ಹೋದವು. ಹಿಡಿ ಉಳಿದರೂ ಬಿಡಲಿಲ್ಲ, ಅದರಿಂದಲೇ ಬಾರಿಸಿದಳು, ಸ್ವರ ಒಡೆದು ಅಳು ಬರುವ ತನಕ. ಅವಳು ಜಾರಿದರೆ ಎಂದು ನಾನು ಅವಳ ಸೆರಗಿನ ತುದಿ ಗಟ್ಟಿ ಹಿಡಿದು ಮೆಟ್ಟಿಲಲ್ಲಿ ನಿಂತೆ. ನಿಲ್ಲಿಸು ಎಂದು ಮಾತ್ರ ಹೇಳಲಿಲ್ಲ.